ಬೆಲ್ಲವನ್ನು ಬೆಳ್ಳಗೆ ಮಾಡಿಸುತ್ತಿರುವವರು ನಾವೇ

ಬ್ಲೀಚ್ ಅಂದ ತಕ್ಷಣ ನಮಗೆ ನೆನಪಾಗುವುದು ಬಚ್ಚಲುಮನೆಗೆ ಹಾಕುವ ಪೌಡರ್, ಬ್ಯೂಟಿ ಪಾರ್ಲರ್, ಇಲ್ಲವೇ ಕಲೆಯಾದ ಬಿಳಿ ಪಂಚೆ. ಅಡುಗೆಮನೆ ಡಬ್ಬಿಯಲ್ಲಿರುವ ಬೆಲ್ಲ ಯಾರಿಗೂ ನೆನಪಾಗುವುದಿಲ್ಲ. ಆದರೆ ಅಂಗಡಿಯಲ್ಲಿ ತಿಳಿ ಹಳದಿಯಾಗಿ ಥಳಥಳ ಅನ್ನುತ್ತಾ ಕೂತಿರುತ್ತಲ್ಲ ಅಚ್ಚು ಬೆಲ್ಲ, ಅದರಲ್ಲಿ ಬಹಳಷ್ಟು ಬ್ಲೀಚ್ ಆಗಿ ಬಂದದ್ದೇ. ಆಲೆಮನೆಯಲ್ಲಿ ಆ ಪದ ಯಾರೂ ಬಳಸುವುದಿಲ್ಲ. ಅಲ್ಲಿ ಅದಕ್ಕೆ "ಹೈಡ್ರೋ ಹಾಕೋದು" ಅನ್ನುತ್ತಾರೆ.

ಸಂಕ್ರಾಂತಿ ಬಂದರೆ ಸಾಕು, ಬೆಲ್ಲದ ಕಲಬೆರಕೆ ಬಗ್ಗೆ ಒಂದಷ್ಟು ವಿಡಿಯೋ ಹರಿದಾಡುತ್ತವೆ. ರೈತರು ವಿಷ ಹಾಕುತ್ತಿದ್ದಾರೆ, ಆಲೆಮನೆ ಮಾಲೀಕರು ದುಡ್ಡಿನಾಸೆಗೆ ಬಿದ್ದಿದ್ದಾರೆ ಅಂತ ಬೈಗುಳ. ಮಂಡ್ಯ ಸೀಮೆಯಲ್ಲಿ ಹುಟ್ಟಿ, ಗಾಣದ ಸದ್ದು ಕೇಳುತ್ತಾ ಬೆಳೆದ ನನಗೆ ಇದನ್ನು ನೋಡಿ ತುಂಬಾ ನೋವಾಗುತ್ತದೆ. ಪೌಡರ್ ಹಾಕುವ ಕೈ ಅವರದ್ದೇ, ಒಪ್ಪುತ್ತೇನೆ. ಅದು ಸರಿ ಅಂತಲೂ ನಾನು ಹೇಳುವುದಿಲ್ಲ. ಆದರೆ ಆ ಬಣ್ಣಕ್ಕೆ ದುಡ್ಡು ಕೊಟ್ಟು ಅದನ್ನು ಮಾಡಿಸುತ್ತಿರುವವರು ನಾವು. ಇದನ್ನು ಇವತ್ತು ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು.

ಆಲೆಮನೆ ನೋಡದವರಿಗಾಗಿ ಮೊದಲು ಕೆಲಸ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ. ಗಾಣದಿಂದ ಬಂದ ಕಬ್ಬಿನ ಹಾಲು ನೋಡಲು ಚೆನ್ನಾಗಿರುವುದಿಲ್ಲ. ಮಬ್ಬು ಹಸಿರು, ಅದರಲ್ಲಿ ಮಣ್ಣು, ಸಿಪ್ಪೆಯ ಪುಡಿ, ಕಬ್ಬಿನ ಮೇಣ ಎಲ್ಲಾ ಇರುತ್ತದೆ. ಅದನ್ನು ಕೊಪ್ಪರಿಗೆಗೆ ಬಿಟ್ಟು ಒಲೆಗೆ ಒಣಗಿದ ಕಬ್ಬಿನ ಸಿಪ್ಪೆ ತುರುಕುತ್ತಾರೆ. ಹಾಲು ಕಾಯುತ್ತಿದ್ದಂತೆ ಸುಣ್ಣದ ತಿಳಿ ಹಾಕುತ್ತಾರೆ. ಬೆಂಡೆ ಗಿಡವನ್ನು ಜಜ್ಜಿ ನೀರಲ್ಲಿ ನೆನೆಹಾಕಿ, ಹಿಂಡಿ ತೆಗೆದ ಲೋಳೆ ಹಾಕುತ್ತಾರೆ. ಆಗ ಕೊಳೆಯೆಲ್ಲಾ ಒಟ್ಟುಗೂಡಿ, ಕರಿ ಹಸಿರು ಮಡ್ಡಿಯಾಗಿ ಮೇಲೆ ತೇಲುತ್ತದೆ. ಅದನ್ನು ಉದ್ದ ಹಿಡಿಯ ಜರಡಿಯಲ್ಲಿ ಎತ್ತಿ ಎತ್ತಿ ತೆಗೆಯುತ್ತಾ ಇರಬೇಕು. ಬೆಲ್ಲದ ಬಣ್ಣ ಅರ್ಧ ತೀರ್ಮಾನವಾಗುವುದು ಇಲ್ಲಿಯೇ. ಮಡ್ಡಿ ತೆಗೆಯಲು ತಾಳ್ಮೆ ಇದ್ದವನ ಬೆಲ್ಲ ತಾನಾಗಿಯೇ ತಿಳಿಯಾಗುತ್ತದೆ. ಸುಣ್ಣ ಒಂದಿಷ್ಟು ಜಾಸ್ತಿಯಾದರೂ ಕಪ್ಪು ಹೊಡೆಯುತ್ತದೆ.

ಆಮೇಲೆ ಪಾಕ ಮರಳಿ, ನೊರೆ ಉಕ್ಕಿ, ಅಡಗಿ, ಗಟ್ಟಿಯಾಗುತ್ತಾ ಬರುತ್ತದೆ. ಹದ ನೋಡುವವನು ಒಂದು ಚೂರು ಪಾಕ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಮಾಡಿ ನೋಡುತ್ತಾನೆ. ಹೆಚ್ಚುಕಡಿಮೆ 118 ಡಿಗ್ರಿ ಸೆಲ್ಸಿಯಸ್ ಹತ್ತಿರ ಹದ ಬರುತ್ತದೆ. ಥರ್ಮಾಮೀಟರ್ ಇಟ್ಟವರನ್ನು ನಾನು ಕಂಡಿಲ್ಲ, ಎಲ್ಲಾ ಕಣ್ಣು, ಕೈ, ಕಿವಿಯ ಲೆಕ್ಕ.

ಹೈಡ್ರೋ ಬೀಳುವುದು ಈ ಕುದಿತದ ನಡುವೆ. ಮೂಲೆಯಲ್ಲಿ ಒಂದು ತಗಡಿನ ಡಬ್ಬ ಇರುತ್ತದೆ. ಒಳಗೆ ಬೆಳ್ಳನೆ ಪುಡಿ. ಬರಿಗೈಯಲ್ಲಿ ತೆಗೆದು ಕೊಪ್ಪರಿಗೆಗೆ ಬೀಸುತ್ತಾರೆ. ಆಗಷ್ಟೇ ಗೀರಿದ ಬೆಂಕಿಕಡ್ಡಿಯ ಹಾಗೆ ಘಾಟು ಮೂಗಿಗೆ ಹೊಡೆಯುತ್ತದೆ. ನೋಡನೋಡುತ್ತಿದ್ದಂತೆ ಕಂದು ಪಾಕ ಹಳದಿಗೆ ತಿರುಗುತ್ತದೆ. ಮೊದಲ ಸಲ ನೋಡುವವರಿಗೆ ಜಾದೂ ಅನ್ನಿಸಬೇಕು, ಹಾಗಿರುತ್ತದೆ.

ಆ ಪುಡಿಯ ಪೂರ್ತಿ ಹೆಸರು ಸೋಡಿಯಂ ಹೈಡ್ರೋಸಲ್ಫೈಟ್. ಬಟ್ಟೆಗೆ ಬಣ್ಣ ಹಾಕುವವರು, ಕಾಗದ ಕಾರ್ಖಾನೆಯವರು ಇದನ್ನು ಬಳಸುತ್ತಾರೆ. ಇದರ ಕೆಲಸ ಹೇಗೆ ಅಂತ ತಿಳಿಯಬೇಕಾದರೆ ನೀಲಿ ಬಣ್ಣದ ತೊಟ್ಟಿ ನೋಡಬೇಕು. ಇಂಡಿಗೋ ನೀಲಿ ನೀರಿನಲ್ಲಿ ಕರಗುವುದಿಲ್ಲ. ಕ್ಷಾರದ ನೀರಿಗೆ ಹೈಡ್ರೋ ಹಾಕಿದರೆ ನೀಲಿ ಮಾಯವಾಗಿ, ತೊಟ್ಟಿ ಹಳದಿ ಹಸಿರಾಗಿ, ಬಣ್ಣ ಕರಗುತ್ತದೆ. ಅದರಲ್ಲಿ ಅದ್ದಿದ ಬಟ್ಟೆಯನ್ನು ಗಾಳಿಗೆ ಹರವಿದರೆ ನೀಲಿ ವಾಪಸ್ ಬರುತ್ತದೆ. ಬಣ್ಣ ಎಲ್ಲೂ ಹೋಗಿರಲಿಲ್ಲ, ಅಡಗಿತ್ತು ಅಷ್ಟೇ. ಬೆಲ್ಲದಲ್ಲೂ ಆಗುವುದು ಹೆಚ್ಚುಕಡಿಮೆ ಇದೇ. ಅಂಗಡಿಯಿಂದ ತಂದಾಗ ಹಳದಿಯಾಗಿದ್ದ ಅಚ್ಚು ಕೆಲವು ವಾರ ಡಬ್ಬಿಯಲ್ಲಿ ಇದ್ದರೆ ಹೊರಗಿನಿಂದ ಕಂದಾಗುತ್ತಾ ಬರುವುದನ್ನು ನೀವೂ ನೋಡಿರಬಹುದು. "ಬೆಲ್ಲ ಹಳಸಿತು" ಅಂತ ಎಸೆಯಲು ಹೋಗುತ್ತೇವೆ. ಹಾಗೆ ಕಂದಾಗಲು ಬೇರೆ ಕಾರಣಗಳೂ ಇರುತ್ತವೆ, ತೇವವೂ ಒಂದು. ಆದರೆ ಹೈಡ್ರೋ ಹಾಕಿದ ಬೆಲ್ಲದ ಹಳದಿ ಬಾಳುವುದಿಲ್ಲ. ಮಾರಾಟವಾಗುವವರೆಗೆ ಇದ್ದರೆ ಸಾಕಲ್ಲ, ಅಷ್ಟಕ್ಕೇ ಅದನ್ನು ಹಾಕುವುದು.

ಇದರಿಂದ ಏನು ತೊಂದರೆ ಅಂತ ಕೇಳಬಹುದು. ಹೈಡ್ರೋ ಹಾಕಿದಾಗ ಬೆಲ್ಲದಲ್ಲಿ ಸಲ್ಫೈಟ್ ಅನ್ನುವ ಗಂಧಕದ ರಾಸಾಯನಿಕ ಉಳಿಯುತ್ತದೆ. ಅದನ್ನು ಸಲ್ಫರ್ ಡೈಆಕ್ಸೈಡ್ ಲೆಕ್ಕದಲ್ಲಿ ಅಳೆಯುತ್ತಾರೆ. ನಮ್ಮ ದೇಶದಲ್ಲಿ ಬೆಲ್ಲಕ್ಕೆ ಇರುವ ಮಿತಿ 70 ಪಿಪಿಎಂ, ಅಂದರೆ ಒಂದು ಕಿಲೋ ಬೆಲ್ಲದಲ್ಲಿ 70 ಮಿಲಿಗ್ರಾಂ. ಒಂದು ಟನ್ ಕಬ್ಬಿಗೆ ಸುಮಾರು 100 ಕಿಲೋ ಬೆಲ್ಲ ಬರುತ್ತದೆ. ಅಷ್ಟೂ ಬೆಲ್ಲಕ್ಕೆ ಲೆಕ್ಕ ಹಾಕಿದರೆ 7 ಗ್ರಾಂ ಆಯಿತು. ಒಂದೂವರೆ ಟೀ ಚಮಚ ಅನ್ನಿ. ಕೊಪ್ಪರಿಗೆಗೆ ಬೀಳುವುದು ಹಿಡಿಗಟ್ಟಲೆ. ಕುದಿಯುವಾಗ ಒಂದಷ್ಟು ಹೊಗೆಯಾಗಿ ಹೋಗುತ್ತದೆ ನಿಜ. ಎಷ್ಟು ಹೋಯಿತು, ಎಷ್ಟು ಉಳಿಯಿತು ಅಂತ ನೋಡುವವರು ಯಾರು? ತೂಕ ಇಲ್ಲ, ಅಳತೆ ಇಲ್ಲ. ಆಸ್ತಮಾ ಇರುವವರಲ್ಲಿ ಕೆಲವರಿಗೆ ಸಲ್ಫೈಟ್‌ನಿಂದ ಉಸಿರು ಕಟ್ಟುತ್ತದೆ, ಇದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಆಹಾರದಲ್ಲಿರುವ ಬಿ1 ವಿಟಮಿನ್ನನ್ನೂ ಅದು ಹಾಳು ಮಾಡುತ್ತದೆ. ತಿನ್ನುವವರ ಮಾತು ಹಾಗಿರಲಿ. ಆ ಘಾಟಿನಲ್ಲಿ ರಾತ್ರಿಯಿಡೀ ನಿಂತು ಪಾಕ ತಿರುಗಿಸುವ ಕೂಲಿಯವರ ಎದೆಯ ಬಗ್ಗೆ ಒಂದು ವಿಡಿಯೋವೂ ಬರುವುದಿಲ್ಲ. ನನಗೆ ಜಾಸ್ತಿ ಸಂಕಟವಾಗುವುದು ಅದಕ್ಕೇ.

ಇಷ್ಟೆಲ್ಲಾ ಗೊತ್ತಿದ್ದೂ ಯಾಕೆ ಹಾಕುತ್ತಾರೆ? ಆಲೆಮನೆ ನಡೆಸುವ ನಮ್ಮ ಮಾವ ಒಬ್ಬರನ್ನು ಕೇಳಿದ್ದೆ. ಅವರು ಬೇಜಾರು ಮಾಡಿಕೊಳ್ಳದೆ ಹೇಳಿದರು, "ಹೈಡ್ರೋ ಹಾಕ್ದೆ ಇದ್ರೆ ಮಂಡೀಲಿ ನಮ್ ಬೆಲ್ಲನ ಯಾರೂ ಮೂಸೂ ನೋಡಲ್ಲ ಕಣವ್ವ. ಪಕ್ಕದೋನ್ದು ಹಳದಿ ಇರ್ತದೆ, ನಮ್ದು ಕಪ್ಪು ಅಂತ ಕ್ವಿಂಟಲ್‌ಗೆ ನೂರಾರು ರೂಪಾಯಿ ಕಮ್ಮಿ ಕೂಗ್ತಾರೆ. ಮನೆಗೆ ಬೇಕಾದ್ದು ಬೇರೆ ಕಾಯ್ಸ್ಕೋತೀವಿ." ಕೊನೆಯ ಮಾತನ್ನು ಅವರು ಮುಚ್ಚಿಡಲೂ ಇಲ್ಲ. ಮನೆಗೆ ಒಂದು ಬೆಲ್ಲ, ಮಂಡಿಗೆ ಇನ್ನೊಂದು ಬೆಲ್ಲ. ಕೇಳಿ ಸಿಟ್ಟು ಬರಬಹುದು. ಆದರೆ ಮಂಡಿ ಹರಾಜಿನಲ್ಲಿ ಬೆಲೆ ಹೇಗೆ ನಿಲ್ಲುತ್ತದೆ ನೋಡಿ. ವ್ಯಾಪಾರಿ ಬರುತ್ತಾರೆ, ಅಚ್ಚು ಎತ್ತಿ ನೋಡುತ್ತಾರೆ, ಮುರಿದು ನೋಡುತ್ತಾರೆ, ಬಣ್ಣ ನೋಡುತ್ತಾರೆ, ರೇಟು ಕೂಗುತ್ತಾರೆ. ಒಳಗೆ ಏನಿದೆ ಅಂತ ಯಾವ ಪರೀಕ್ಷೆಯೂ ಇಲ್ಲ. ವ್ಯಾಪಾರಿಯನ್ನು ಕೇಳಿದರೆ "ಗಿರಾಕಿ ಕೇಳೋದೇ ಹಳದೀನ" ಅನ್ನುತ್ತಾರೆ. ಅವರ ಮಾತೂ ಸುಳ್ಳಲ್ಲ. ಎಳ್ಳು-ಬೆಲ್ಲಕ್ಕೆ ಅಚ್ಚು ಕೊಳ್ಳುವಾಗ ನಾವೇ ಅಲ್ವಾ, "ಇದು ಬೇಡ, ಕಪ್ಪಿದೆ, ಆ ತಿಳೀದು ಕೊಡಿ" ಅನ್ನೋದು? ತಟ್ಟೆಯಲ್ಲಿ ಕೊಬ್ಬರಿ, ಹುರಿಗಡಲೆ ಪಕ್ಕ ಬೆಲ್ಲದ ಚೂರು ಚೆಂದ ಕಾಣಬೇಕು ನಮಗೆ.

ನಮ್ಮ ಕಣ್ಣಿಗೆ ಈ ಅಭ್ಯಾಸ ಹಿಡಿಸಿದ್ದರಲ್ಲಿ ಸಕ್ಕರೆಯ ಪಾಲು ದೊಡ್ಡದು. ಕನ್ನಂಬಾಡಿ ಕಟ್ಟೆಯ ನೀರು ನಾಲೆಗೆ ಹರಿದು, ಮಂಡ್ಯದಲ್ಲಿ 1933ರಲ್ಲಿ ಸಕ್ಕರೆ ಕಂಪನಿ ಶುರುವಾದ ಮೇಲೆ ನಮ್ಮ ಕಡೆ ಕಬ್ಬಿಗೆ ಎರಡು ದಾರಿಯಾಯಿತು. ಒಂದು ಕಾರ್ಖಾನೆಗೆ, ಇನ್ನೊಂದು ಆಲೆಮನೆಗೆ. ನಮ್ಮ ದೇಶದ ಹೆಚ್ಚಿನ ಕಾರ್ಖಾನೆಗಳು ಗಂಧಕ ಸುಟ್ಟು, ಆ ಹೊಗೆಯನ್ನು ಕಬ್ಬಿನ ರಸಕ್ಕೆ ಹಾಯಿಸಿಯೇ ಸಕ್ಕರೆ ಬೆಳ್ಳಗೆ ಮಾಡುತ್ತವೆ. ಅಲ್ಲಿ ಅದಕ್ಕೆ ಯಂತ್ರ ಇದೆ, ಲ್ಯಾಬ್ ಇದೆ, ಅಳತೆ ಇದೆ. ಬೆಳ್ಳಗಿದ್ದಷ್ಟೂ ಒಳ್ಳೆಯ ಮಾಲು ಅನ್ನುವ ಲೆಕ್ಕ ಅಲ್ಲಿಂದ ಬೆಲ್ಲಕ್ಕೂ ಅಂಟಿಕೊಂಡಿತು ಅನ್ನುವುದು ನನ್ನ ಅಭಿಪ್ರಾಯ. ಈಗ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಬೆಲ್ಲಕ್ಕೆ ಸಕ್ಕರೆಯನ್ನೇ ಸುರಿದು ಕಾಯಿಸುವುದೂ ನಡೆದಿದೆ. ಅಂಥ ಆಲೆಮನೆಗಳ ಮೇಲೆ ದಾಳಿಯಾದ ಸುದ್ದಿ ನಮ್ಮ ಜಿಲ್ಲೆಯಿಂದ ಆಗಾಗ ಬರುತ್ತಲೇ ಇರುತ್ತದೆ. ಅದನ್ನು ಮಾತ್ರ ನಾನು ಯಾವ ರೀತಿಯಲ್ಲೂ ಸಮರ್ಥಿಸುವುದಿಲ್ಲ.

ಇಲ್ಲಿ ಒಂದು ಮಾತು ಮುಖ್ಯ. ಹಳದಿ ಬೆಲ್ಲ ಎಲ್ಲಾ ಕೆಟ್ಟದ್ದು, ಕಪ್ಪು ಬೆಲ್ಲ ಎಲ್ಲಾ ಶುದ್ಧ ಅಂತ ಈಗ ಹೊಸದೊಂದು ನಂಬಿಕೆ ಹಬ್ಬುತ್ತಿದೆ. ಇದೂ ತಪ್ಪೇ. ಒಳ್ಳೆಯ ಮಣ್ಣು, ಹದವಾದ ಗೊಬ್ಬರ, ಸರಿಯಾಗಿ ಬಲಿತ ಕಬ್ಬು, ಕಡಿದ ದಿನವೇ ಗಾಣಕ್ಕೆ ಬಂದರೆ, ಮಡ್ಡಿ ನೀಟಾಗಿ ತೆಗೆದರೆ, ಒಂದು ಚಿಟಿಕೆ ಹೈಡ್ರೋ ಇಲ್ಲದೆಯೂ ಹೊಂಬಣ್ಣದ ಬೆಲ್ಲ ಬರುತ್ತದೆ. ಸಿಒ 86032 ತಳಿಯ ಕಬ್ಬು ಬೆಲ್ಲಕ್ಕೆ ಹೆಸರುವಾಸಿ. ಅದೇ ನಾಲೆಯ ಕೊನೆಯಲ್ಲಿ, ನೀರು ನಿಂತು ಚೌಳಾದ ಗದ್ದೆಯ ಕಬ್ಬು ತಂದರೆ, ಯೂರಿಯಾ ಜಾಸ್ತಿ ಸುರಿದ ಕಬ್ಬು ತಂದರೆ, ಕಡಿದು ಬಿಸಿಲಲ್ಲಿ ಬಿಟ್ಟ ಕಬ್ಬು ತಂದರೆ, ಬೆಲ್ಲ ಕಪ್ಪಾಗಿ, ಉಪ್ಪುಪ್ಪಾಗಿ, ಬೇಗ ನೀರು ಬಿಡುತ್ತದೆ. ಪಾಕ ಸೀದರೂ ಕಪ್ಪೇ. ಹಾಗಾಗಿ "ಆರ್ಗ್ಯಾನಿಕ್" ಅಂತ ಚೀಟಿ ಅಂಟಿಸಿದ ಕರಿ ಬೆಲ್ಲಕ್ಕೆ ಎರಡು ಪಟ್ಟು ದುಡ್ಡು ಕೊಡುವವರೂ ಮತ್ತೆ ಬಣ್ಣಕ್ಕೇ ದುಡ್ಡು ಕೊಡುತ್ತಿದ್ದಾರೆ.

ಬಣ್ಣದ ಗೊಡವೆಯೇ ಇಲ್ಲದ ಬೆಲ್ಲವೂ ನಮ್ಮಲ್ಲಿದೆ. ಮಲೆನಾಡಿನ ಜೋನಿ ಬೆಲ್ಲ ನೋಡಿ. ಡಬ್ಬದಲ್ಲಿ ಕಂದು ದ್ರವವಾಗಿ ನಿಂತಿರುತ್ತದೆ. ದೋಸೆ ಮೇಲೆ ಸುರಿದುಕೊಂಡು ತಿನ್ನುವವರು ಯಾರೂ "ಇದು ಯಾಕೆ ಹಳದಿ ಇಲ್ಲ" ಅನ್ನುವುದಿಲ್ಲ. ಘಮ ಹೇಗಿದೆ, ರುಚಿ ಹೇಗಿದೆ ಅಂತ ನೋಡುತ್ತಾರೆ. ಕೇರಳದ ಇಡುಕ್ಕಿ ಜಿಲ್ಲೆಯ ಮರಯೂರಿನ ಬೆಲ್ಲ ಗಾಢ ಕಂದು. 2019ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಆ ಊರಿನದ್ದೇ ಮಾಲು ಅನ್ನುವ ಸರ್ಕಾರಿ ಗುರುತು ಸಿಕ್ಕಿತು. ಅಲ್ಲಿ ಆ ಗಾಢ ಬಣ್ಣವೇ ಅದರ ಗುರುತು, ಅದನ್ನು ತಿಳಿ ಮಾಡಬೇಕಾದ ಒತ್ತಡ ರೈತನ ಮೇಲಿಲ್ಲ. ಮಂಡ್ಯದಲ್ಲಿ ಯಾಕೆ ಆಗಬಾರದು?

ನನ್ನ ಪ್ರಕಾರ ದಾಳಿಗಿಂತ ಮೊದಲು ಆಗಬೇಕಾದ ಕೆಲಸ ಎಪಿಎಂಸಿ ಅಂಗಳದಲ್ಲಿದೆ. ಲಾಟ್‌ನಿಂದ ಒಂದು ಚೂರು ತೆಗೆದು, ಸಲ್ಫರ್ ಡೈಆಕ್ಸೈಡ್ ಎಷ್ಟಿದೆ ಅಂತ ಪರೀಕ್ಷೆ ಮಾಡಿ, ಆ ಅಂಕಿಯನ್ನು ಚೀಲದ ಮೇಲೆ ಬರೆದು ಹರಾಜು ಕೂಗಲಿ. ಹಾಲಿನ ಡೈರಿಯಲ್ಲಿ ಫ್ಯಾಟ್ ನೋಡಿ ದುಡ್ಡು ಕೊಡುವುದನ್ನು ಹಳ್ಳಿ ಹಳ್ಳಿಯ ಜನ ಒಪ್ಪಿಕೊಂಡಿದ್ದಾರೆ, ಬೆಲ್ಲಕ್ಕೂ ಒಪ್ಪುತ್ತಾರೆ. ಹೈಡ್ರೋ ಇಲ್ಲದೆ ಬೆಲ್ಲ ಮಾಡುವ ವಿಧಾನ ಮಂಡ್ಯದ ವಿ.ಸಿ. ಫಾರಂನಂಥ ಕೃಷಿ ಸಂಶೋಧನಾ ಕೇಂದ್ರಗಳಲ್ಲಿ ಇರುವವರಿಗೆ ಚೆನ್ನಾಗಿ ಗೊತ್ತು. ಗೊತ್ತಿರುವುದು ರೈತನ ಕೈಗೆ ಬರಬೇಕಾದರೆ ಅದಕ್ಕೆ ತಕ್ಕ ರೇಟು ಸಿಗಬೇಕು. ಹಾಸ್ಟೆಲ್, ಅಂಗನವಾಡಿ, ದೇವಸ್ಥಾನ, ಇಂಥ ದೊಡ್ಡ ಖರೀದಿಯ ಕಡೆ ಟೆಂಡರ್‌ನಲ್ಲಿ ಬಣ್ಣದ ಮಾತು ಬಿಟ್ಟು ಪರೀಕ್ಷೆಯ ವರದಿ ಕೇಳಿದರೆ ಅರ್ಧ ಕೆಲಸ ಆಯಿತು.

ಅಲ್ಲಿಯವರೆಗೆ ಮನೆ ಮಟ್ಟಿಗೆ ಏನು ಮಾಡಬಹುದು ಅಂತ ಕೇಳುವವರಿಗೆ ನನಗೆ ಗೊತ್ತಿರುವುದು ಇಷ್ಟು. ನೀರಲ್ಲಿ ಕರಗಿಸಿ ನೋಡಿ, ನಾಲಿಗೆ ಮೇಲಿಟ್ಟು ನೋಡಿ ಅನ್ನುವ ವಿಡಿಯೋಗಳನ್ನು ನಂಬಬೇಡಿ. ಮಣ್ಣು, ಮರಳು ಇದ್ದರೆ ಕಾಣಬಹುದು, ಸಲ್ಫೈಟ್ ಹಾಗೆ ಗೊತ್ತಾಗುವುದಿಲ್ಲ. ಪರಿಚಯದ ಆಲೆಮನೆ ಇದ್ದರೆ ಮೊದಲೇ ಹೇಳಿ ಹೈಡ್ರೋ ಇಲ್ಲದೆ ಕಾಯಿಸಿಕೊಳ್ಳಿ. ಒಂದು ಮನೆಗೆ ಅಷ್ಟು ಬೆಲ್ಲ ಜಾಸ್ತಿಯಾಗುತ್ತದೆ, ಹತ್ತು ಮನೆಯವರು ಸೇರಿದರೆ ಸರಿ ಹೋಗುತ್ತದೆ. ಬಣ್ಣ ಹೇಗೇ ಬರಲಿ, ಮಾತಾಡಿದ ರೇಟು ಕೊಡುತ್ತೇವೆ ಅಂತ ಬಾಯಿಬಿಟ್ಟು ಹೇಳಿ. ಅವರಿಗೆ ಬೇಕಾಗಿರುವ ಧೈರ್ಯ ಅದೊಂದೇ. ತಂದ ಬೆಲ್ಲವನ್ನು ಮಳೆಗಾಲಕ್ಕೆ ಮೊದಲೇ ಗಾಳಿಯಾಡದ ಡಬ್ಬಿಗೆ ತುಂಬಿಡಿ, ಒದ್ದೆ ಕೈ, ಒದ್ದೆ ಚಮಚ ತಾಗಿಸಬೇಡಿ.