ಮಿಸ್ಟರ್ ಫ್ನೂ ಅವರ ಪೆಟ್ಟಿಗೆ

ನಮ್ಮಮ್ಮನಿಗೆ ವಿಮಾನದವರ ಮೇಲೆ ನಂಬಿಕೆ ಹೋಗಿ ಬಹಳ ದಿನವಾಯಿತು. ಸರಿಯಾಗಿ ಹೇಳಬೇಕೆಂದರೆ 2022ರ ಜೂನ್‌ನಿಂದ. ಆ ಸಲ ಬೆಂಗಳೂರಿನಿಂದ ಅಪ್ಪ-ಅಮ್ಮ ಬಂದರು, ಪೆಟ್ಟಿಗೆ ಬರಲಿಲ್ಲ. ಕೋವಿಡ್ ಇಳಿದು ಜನವೆಲ್ಲ ಒಟ್ಟಿಗೇ ವಿಮಾನ ಹತ್ತಿದ್ದ ಬೇಸಿಗೆ ಅದು. ಸಾಮಾನು ಎತ್ತುವ ಕೈ ಸಾಲದೆ ದೊಡ್ಡ ದೊಡ್ಡ ನಿಲ್ದಾಣಗಳಲ್ಲೇ ಪೆಟ್ಟಿಗೆಗಳು ಗುಡ್ಡೆ ಬಿದ್ದಿದ್ದವು. ನಮ್ಮದು ಆರನೇ ದಿನ ಮನೆ ಬಾಗಿಲಿಗೆ ಬಂತು. ಅಷ್ಟರಲ್ಲಿ ಒಳಗಿದ್ದ ಕೊಬ್ಬರಿ ಮಿಠಾಯಿಗೆ ಗಡ್ಡ ಬೆಳೆದಿತ್ತು.

ಹಾಗಾಗಿ ಈ ಸಲ ಅವರು ಬಂದಾಗ, 'ಅಲಾಸ್ಕಾ ಕ್ರೂಸ್‌ಗೆ ಹೋಗೋಣ' ಅಂತ ನಾನು ಅಂದಿದ್ದಕ್ಕೆ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಪೆಟ್ಟಿಗೆ ಹೆಂಗೆ ಬರುತ್ತೆ?"

ಪ್ರಶ್ನೆಯಲ್ಲಿ ನ್ಯಾಯ ಇತ್ತು. ನಾವಿರುವುದು ನಾರ್ತ್ ಕ್ಯಾರೊಲಿನಾದ ಕೇರಿಯಲ್ಲಿ. (ಊರಿನ ಹೆಸರೇ ಕೇರಿ. 'ಯಾವ ಕೇರಿ?' ಅಂತ ತಿಪಟೂರಿನಲ್ಲಿ ಇವತ್ತಿಗೂ ಕೇಳುತ್ತಾರೆ.) ಹಡಗು ಹೊರಡುವುದು ಸಿಯಾಟಲ್‌ನಿಂದ. ಅಂದರೆ ದೇಶದ ಈ ತುದಿಯಿಂದ ಆ ತುದಿಗೆ, ನಡುವೆ ಒಂದು ಕಡೆ ವಿಮಾನ ಬದಲಿಸಬೇಕು. ಪೆಟ್ಟಿಗೆ ಒಂದು ದಿನ ತಡವಾದರೆ ಸಾಕು, ನಾವು ನೀರಿನ ಮೇಲೆ, ಅದು ನೆಲದ ಮೇಲೆ. ಮುಂದಿನ ಊರಿಗೆ ಲಾರಿಯಲ್ಲಿ ಕಳಿಸಿ ಅನ್ನೋಣ ಅಂದರೆ, ಮುಂದಿನ ಊರು ಜೂನೋ. ಅಲಾಸ್ಕಾದ ರಾಜಧಾನಿ ಅನ್ನೋದು ಹೆಸರಿಗೆ, ಹೊರಗಿನಿಂದ ಆ ಊರಿಗೆ ಹೋಗೋ ರಸ್ತೆಯೇ ಇಲ್ಲ. ದೋಣಿ, ಇಲ್ಲವಾದರೆ ವಿಮಾನ. ಇದನ್ನು ನಾನು ಅಮ್ಮನಿಗೆ ಹೇಳಬಾರದಿತ್ತು.

ಹೇಳಬಾರದ ಇನ್ನೊಂದು ವಿಷಯವನ್ನೂ ಹೇಳಿಬಿಟ್ಟೆ. ಅಲಬಾಮಾದ ಸ್ಕಾಟ್ಸ್‌ಬರೋ ಎಂಬ ಊರಿನಲ್ಲಿ, ಯಾರೂ ಕೇಳಿಕೊಂಡು ಬಾರದ ಪೆಟ್ಟಿಗೆಗಳಲ್ಲಿನ ಸಾಮಾನು ಮಾರುವ ದೊಡ್ಡ ಅಂಗಡಿಯೇ ಇದೆ. 1970ರಲ್ಲಿ ಒಬ್ಬ 300 ಡಾಲರ್ ಸಾಲ ಮಾಡಿ, ಯಾರದೋ ಪಿಕಪ್ ಗಾಡಿ ಕೇಳಿ ತಂದು, ಬಸ್ಸಿನವರ ಹತ್ತಿರ ಬಿದ್ದಿದ್ದ ಪೆಟ್ಟಿಗೆಗಳನ್ನು ಕೊಂಡು ಶುರು ಮಾಡಿದ ವ್ಯಾಪಾರ. ಅಪ್ಪ ಪೇಪರ್ ಮಡಚಿಟ್ಟರು.

"ಅಂದ್ರೆ ನನ್ನ ಮಂಕಿ ಕ್ಯಾಪ್ ಅಲಬಾಮಾದವರು ಹಾಕ್ಕೊಂಡು ಓಡಾಡೋದಾ?"

ಆಗ ನನಗೆ ಹೊಳೆದ ಉಪಾಯವೇ ಪೆಟ್ಟಿಗೆಯನ್ನು ಮುಂಚಿತವಾಗಿ ಪಾರ್ಸೆಲ್ ಮಾಡುವುದು. ಸಿಯಾಟಲ್‌ನಲ್ಲಿ ಹಿಂದಿನ ರಾತ್ರಿ ಉಳಿಯುವ ಹೋಟೆಲಿಗೆ ಕಳಿಸಿಬಿಡೋದು. ನಾವು ಕೈಬೀಸಿಕೊಂಡು ಹೋಗೋದು. ಹೆಂಡತಿ ಒಂದೇ ಮಾತು ಅಂದಳು: "ನಿನ್ನ ಉಪಾಯಗಳೆಲ್ಲ ಹೀಗೇ ಶುರುವಾಗೋದು."

ರಸ್ತೆ ಮೂಲಕ ಐದು ಕೆಲಸದ ದಿನ ಅಂದರು. ನಾನು ಜೋಪಾನಕ್ಕೆ ಹತ್ತು ದಿನ ಮೊದಲೇ ಕಳಿಸಲು ಹೊರಟೆ. ಅಮ್ಮ ಅದಕ್ಕಿಂತ ಜೋಪಾನ. ಎರಡು ಪೆಟ್ಟಿಗೆಗೂ ಪುಟ್ಟ ಬೀಗ ಜಡಿದು, ಮೇಲೆ ನೈಲಾನ್ ಹಗ್ಗ ಬಿಗಿದು, ಹಿಡಿಗೆ ಹಳೇ ಸೀರೆಯ ಕೆಂಪು ಅಂಚು ಹರಿದು ಕಟ್ಟಿದ್ದಳು, ಗುರುತಿಗೆ. ಪಾರ್ಸೆಲ್ ಅಂಗಡಿಯ ಹುಡುಗ ಹಗ್ಗ ನೋಡಿದವನೇ ತಲೆ ಅಲ್ಲಾಡಿಸಿದ. ಬೆಲ್ಟಿನ ಮೇಲೆ ಹೋಗುವಾಗ ಸಿಕ್ಕಿಹಾಕಿಕೊಳ್ಳುತ್ತದಂತೆ, ಬಿಚ್ಚಬೇಕು. ಅಮ್ಮ ಕಟ್ಟಿದ ಗಂಟು ಬಿಚ್ಚುವುದು ಅಂದರೆ ಸುಮ್ನೆ ಅಲ್ಲ. ನಾನು ಉಗುರಿನಲ್ಲಿ, ಅಪ್ಪ ಹಲ್ಲಿನಲ್ಲಿ, ಕೊನೆಗೆ ಅವನೇ ಕತ್ತರಿ ತಂದ. ಹಿಂದೆ ಕ್ಯೂ ಬಾಗಿಲ ತನಕ ಬೆಳೆದಿತ್ತು. ತೂಕಕ್ಕಿಟ್ಟರೆ 54 ಪೌಂಡ್. 50 ದಾಟಿದರೆ ಜಾಸ್ತಿ ಚಾರ್ಜು. ಅಲ್ಲೇ ನೆಲದ ಮೇಲೆ ಪೆಟ್ಟಿಗೆ ತೆಗೆದು ನಾಲ್ಕು ಪೌಂಡ್ ಹೊರಗೆ ತೆಗೆಯೋಣ ಅಂದೆ. ಅಮ್ಮ ಒಪ್ಪಲಿಲ್ಲ. "ಹತ್ತು ಜನರ ಮುಂದೆ ನಮ್ಮ ಬಟ್ಟೆ ಹರಡ್ತೀಯಾ?" ಜಾಸ್ತಿ ಚಾರ್ಜೇ ಕೊಟ್ಟೆ. ಒಟ್ಟು ಕೊಟ್ಟ ದುಡ್ಡಿನಲ್ಲಿ ಇನ್ನೆರಡು ಪೆಟ್ಟಿಗೆ ಕೊಳ್ಳಬಹುದಿತ್ತು ಅನ್ನೋದನ್ನು ಮನೆಯಲ್ಲಿ ಇನ್ನೂ ಹೇಳಿಲ್ಲ.

ಚೀಟಿಯ ಮೇಲೆ ಹೆಸರು ಬರೆಯುವಾಗ ನಾನು ವಿಶೇಷ ಎಚ್ಚರ ವಹಿಸಿದೆ. ಹಡಗಿನ ಟಿಕೆಟ್ಟು, ವೀಸಾ, ಪೆಟ್ಟಿಗೆ, ಎಲ್ಲದರಲ್ಲೂ ಹೆಸರು ಒಂದೇ ಥರ ಇರಲಿ ಅಂತ. ಈ ಪ್ರವಾಸಕ್ಕೆ ಕಾಗದಪತ್ರದ ಕಾಟ ಮೊದಲೇ ಸಾಕಷ್ಟಾಗಿತ್ತು. ವಿದೇಶಿ ಬಾವುಟದ ಹಡಗು ಅಮೆರಿಕದ ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು ಅಮೆರಿಕದ ಊರುಗಳನ್ನಷ್ಟೇ ಸುತ್ತಿ ಬರುವ ಹಾಗಿಲ್ಲ, ನಡುವೆ ಹೊರದೇಶದ ನೆಲ ಮುಟ್ಟಬೇಕು. 1886ರ ಕಾನೂನು. ಅದಕ್ಕೇ ಹಡಗು ಒಂದು ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತದೆ, ಅದಕ್ಕೇ ಅಪ್ಪ-ಅಮ್ಮನಿಗೆ ಕೆನಡಾ ವೀಸಾ. ನಾಲ್ಕು ಗಂಟೆಗಾಗಿ ನಾಲ್ಕು ತಿಂಗಳು ಮೊದಲೇ ಅರ್ಜಿ ಹಾಕಿದ್ದೆ.

ಪೆಟ್ಟಿಗೆ ಹೊರಟ ಮೇಲೆ ಅಪ್ಪನಿಗೆ ಒಳ್ಳೇ ಕೆಲಸ ಸಿಕ್ಕಿತು. ಎರಡರೊಳಗೂ ಒಂದೊಂದು ಏರ್‌ಟ್ಯಾಗ್, ಅಂದರೆ ಸಾಮಾನು ಎಲ್ಲಿದೆ ಅಂತ ಫೋನಿನಲ್ಲಿ ತೋರಿಸುವ ಪುಟ್ಟ ಬಿಲ್ಲೆ, ಹಾಕಿದ್ದೆ. ಬೆಳಗ್ಗೆ ಕಾಫಿ ಲೋಟ ಹಿಡಿದು ನನ್ನ ಫೋನಿನ ಮ್ಯಾಪ್ ತೆಗೆಸಿ, ಸ್ಕೋರ್ ಹೇಳಿದ ಹಾಗೆ ಹೇಳೋರು. "ಇಂಡಿಯಾನಾಪೊಲಿಸ್." ಮಾರನೇ ದಿನ, "ಸೌತ್ ಡಕೋಟಾ ಬಂತು." ಶನಿವಾರ-ಭಾನುವಾರ ಎರಡೂ ಮೊಂಟಾನಾದಲ್ಲಿ ರಜೆ ತೆಗೆದುಕೊಂಡವು. ಆ ಎರಡು ದಿನ ಅಪ್ಪ ಸರಿಯಾಗಿ ಊಟ ಮಾಡಲಿಲ್ಲ. ಇಷ್ಟು ಸಲ ಬಂದರೂ ಅಪ್ಪ ನೋಡಿರುವುದು ಕೇರಿ, ಕೇರಿಯ ಇಂಡಿಯನ್ ಅಂಗಡಿ ಮತ್ತು ನಯಾಗರಾ. ಪೆಟ್ಟಿಗೆ ಒಂದೇ ವಾರದಲ್ಲಿ ಅರ್ಧ ಅಮೆರಿಕ ನೋಡಿತು. ಈ ಕಡೆ ಬಟ್ಟೆಯೆಲ್ಲ ಮುಂದೆ ಹೋಗಿದ್ದರಿಂದ, ಅಪ್ಪ ಹತ್ತು ದಿನ ಎರಡು ಅಂಗಿ ಒಂದು ಪಂಚೆಯಲ್ಲಿ ಕಳೆದರು. ಅಮ್ಮ ನಮ್ಮ ಮನೆಯ ಜಾಲರಿ ಸೌಟನ್ನೂ ಪ್ಯಾಕ್ ಮಾಡಿದ್ದಾಳೆ ಅನ್ನೋದು ಗೊತ್ತಾಗಿದ್ದು ಪೂರಿ ಕರಿಯಲು ಹೊರಟಾಗ.

ನಮ್ಮ ವಿಮಾನ ಹೊತ್ತಿಗೆ ಸರಿಯಾಗಿ ಹೊರಟು ಹೊತ್ತಿಗೆ ಮುಂಚೆ ಇಳಿಯಿತು. ಬೆಲ್ಟಿನ ಹತ್ತಿರ ನಿಂತು ನೋಡಿದೆವು. ಎಲ್ಲರ ಪೆಟ್ಟಿಗೆಯೂ ಬಂತು. ಒಬ್ಬರದೂ ತಪ್ಪಲಿಲ್ಲ.

ಹೋಟೆಲಿನ ಕೌಂಟರಿನಲ್ಲಿ ಮಾತ್ರ ನಮ್ಮ ಪೆಟ್ಟಿಗೆ ಇಲ್ಲ. ನನ್ನ ಹೆಸರಲ್ಲಿ ಇಲ್ಲ, ಹೆಂಡತಿಯ ಹೆಸರಲ್ಲಿ ಇಲ್ಲ, ರೂಮಿನ ನಂಬರಿನಲ್ಲೂ ಇಲ್ಲ. ಕೌಂಟರಿನ ಹುಡುಗಿ ಪಾಪ, ಹತ್ತಿರ ನಿಂತಿದ್ದ ಅಮ್ಮನನ್ನೇ ಕೇಳಿದಳು, ನಿಮ್ಮ ಯಜಮಾನರ ಹೆಸರೇನು ಅಂತ. ಮದುವೆಯಾಗಿ 41 ವರ್ಷ, ಅಮ್ಮ ಅಪ್ಪನ ಹೆಸರನ್ನು ಬಾಯಿ ಬಿಟ್ಟು ಹೇಳಿದವಳಲ್ಲ. ಸಿಯಾಟಲ್‌ನಲ್ಲಿ ಹೇಳ್ತಾಳಾ? ನಕ್ಕು ಅಪ್ಪನ ಕಡೆ ನೋಡಿದಳು. ಅಪ್ಪ ಫೋನಿನಲ್ಲಿ ಮುಳುಗಿದ್ದರು. "ಇಲ್ಲೇ ಇದೆ ಕಣೋ. ಮೂವತ್ತು ಅಡಿ ಅಂತಿದೆ."

ಸದ್ದು ಮಾಡುವ ಬಟನ್ ಒತ್ತಿದೆ. ಹುಡುಗಿಯ ಹಿಂದಿನ ಬಾಗಿಲ ಆಚೆಯಿಂದ ಕುಯಿಂ ಕುಯಿಂ ಅಂತ ಸಣ್ಣ ದನಿ. ಹೆತ್ತ ತಾಯಿಯ ಹಾಗೆ ಅಮ್ಮ ಬಾಗಿಲ ಕಡೆ ನುಗ್ಗಿದಳು. ಅಷ್ಟರಲ್ಲಿ ಒಳಗಿನಿಂದ ಒಬ್ಬ ಹುಡುಗ ಬಂದು, "ಇಲ್ಲಿರೋದು ಮಿಸ್ಟರ್ ಫ್ನೂ ಅನ್ನೋರ ಪೆಟ್ಟಿಗೆ. ಮೂರು ದಿನ ಹತ್ತಿರ ಬಂತು, ಅವರಿನ್ನೂ ಬಂದಿಲ್ಲ. ನಾಳೆ ವಾಪಸ್ ಕಳಿಸೋಣ ಅಂತಿದ್ವಿ" ಅಂದ.

ಫ್ನೂ!

ಅಪ್ಪನ ಪಾಸ್‌ಪೋರ್ಟಿನಲ್ಲಿ ಹೆಸರು ಒಂದೇ ತುಂಡು. ನಮ್ಮ ಕಡೆ ಎಷ್ಟೋ ಜನರದು ಹಾಗೇ ಅಲ್ವಾ? ಇನ್ಶಿಯಲ್ ಬಿಟ್ಟರೆ ಹೆಸರು, ಹೆಸರು ಬಿಟ್ಟರೆ ಇನ್ಶಿಯಲ್. ಅಮೆರಿಕದ ವೀಸಾದವರಿಗೆ ಎರಡು ತುಂಡು ಬೇಕು. ಖಾಲಿ ಇರುವ ಕಡೆ 'ಎಫ್‌ಎನ್‌ಯು' ಅಂತ ಒತ್ತುತ್ತಾರೆ. ಫಸ್ಟ್ ನೇಮ್ ಅನ್‌ನೋನ್. ತಾಲ್ಲೂಕು ಕಚೇರಿಯಲ್ಲಿ 33 ವರ್ಷ ಊರಿನವರಿಗೆಲ್ಲ ಹೆಸರು ತಿದ್ದಿಕೊಟ್ಟ ಮನುಷ್ಯ ಈ ದೇಶದಲ್ಲಿ ಹೆಸರು ಗೊತ್ತಿಲ್ಲದವರು. ನಾನು ವೀಸಾದಲ್ಲಿರುವ ಹಾಗೇ ಬರೆದಿದ್ದೆ. ಹುಡುಗ ಹಿಂದಿದ್ದ ಉದ್ದನೇ ಹೆಸರನ್ನು ಓದುವ ಸಾಹಸ ಬಿಟ್ಟು, ಮುಂದಿದ್ದ ಮೂರು ಅಕ್ಷರವನ್ನು ಪುಸ್ತಕದಲ್ಲಿ ಇಳಿಸಿದ್ದ. ಪೆಟ್ಟಿಗೆ ಇಟ್ಟುಕೊಂಡಿದ್ದಕ್ಕೆ ಹೋಟೆಲಿನವರೂ ಬಿಲ್ಲು ಕೊಟ್ಟರು. ಮಿಸ್ಟರ್ ಫ್ನೂ ಹೆಸರಲ್ಲೇ.

ಮಾರನೇ ದಿನ ಪಿಯರ್ 91, ಹಡಗು ಹತ್ತುವ ಕಟ್ಟೆ. ಟ್ಯಾಕ್ಸಿ ಇಳಿದ ಕೂಡಲೇ ಪೋರ್ಟರ್ ಬಂದು ಪೆಟ್ಟಿಗೆಗೆ ಕೈ ಹಾಕಿದ. ರೂಮಿನ ನಂಬರಿನ ಚೀಟಿ ಕಟ್ಟಿ ಇಲ್ಲೇ ಕೊಡಬೇಕು, ಸಂಜೆ ಹೊತ್ತಿಗೆ ರೂಮಿನ ಬಾಗಿಲಿಗೆ ಬರುತ್ತದೆ ಅಂತ ಹೇಳಿದೆ. ಅಮ್ಮ ಸೀರೆ ಅಂಚು ಹಿಡಿದುಕೊಂಡೇ ನಿಂತಳು. "ಹತ್ತು ದಿನದ ಮೇಲೆ ನಿನ್ನೆ ಸಿಕ್ಕಿದೆ. ಮತ್ತೆ ಕೊಡೋದಾ?"

ಕೊಟ್ಟೆವು. ಸಂಜೆ ಒಂದು ಬಂತು. ಇನ್ನೊಂದು ಬರಲಿಲ್ಲ. ಅಪ್ಪನ ಸ್ವೆಟರು, ಮಂಕಿ ಕ್ಯಾಪು ಬಾರದ್ದರಲ್ಲೇ ಇತ್ತು. ಡೆಕ್ಕಿನ ಮೇಲೆ ಚಳಿಗಾಳಿ. ಅಪ್ಪ ರೂಮಿನ ಕಂಬಳಿ ಹೊದ್ದು ಸಿಯಾಟಲ್‌ಗೆ ಟಾಟಾ ಮಾಡಿದರು. ಎಂಟು ಗಂಟೆಗೆ ಫೋನ್ ಬಂತು: ಮಿಸ್ಟರ್ ಫ್ನೂ ಅವರು ಸೆಕ್ಯೂರಿಟಿ ರೂಮಿಗೆ ಬರಬೇಕು.

ಕೆಳಗೆ ಹೋದರೆ ನಮ್ಮಂಥ ಪಾಪಿಗಳ ಸಾಲು. ಒಬ್ಬರದು ಇಸ್ತ್ರಿ ಪೆಟ್ಟಿಗೆ, ಒಬ್ಬರದು ಕೆಟಲ್ಲು. ಹಡಗಿನಲ್ಲಿ ಬೆಂಕಿಯ ಭಯ, ಬಿಸಿಯಾಗುವ ಕರೆಂಟಿನ ಸಾಮಾನು ಯಾವುದೂ ರೂಮಿನಲ್ಲಿ ಇರಬಾರದು. ಸೆಕ್ಯೂರಿಟಿಯವನು ನೇಪಾಳದವನು. ಸ್ಕ್ಯಾನಿನಲ್ಲಿ ದುಂಡಗೆ ಏನೋ ಕಾಣುತ್ತಿದೆ, ಪೆಟ್ಟಿಗೆ ತೆಗೆಯಿರಿ ಅಂದ. ನಾನು ಅಮ್ಮನ ಮುಖ ನೋಡಿದೆ. ಅಮ್ಮ ಗೋಡೆ ನೋಡಿದಳು.

"ರೈಸ್ ಕುಕ್ಕರ್ರು. ಚಿಕ್ಕದು. ಅಲ್ಲಿ ಅನ್ನ ಸಿಗುತ್ತೋ ಇಲ್ವೋ ಅಂತ..."

"ಕೀ ಕೊಡು."

"ಕೀ ಕೇರಿಯಲ್ಲಿದೆ. ದೇವರ ಫೋಟೋ ಪಕ್ಕ ಮೊಳೆಗೆ ನೇತು ಹಾಕಿದೀನಿ. ದಾರೀಲಿ ಕಳೀಬಾರದು ಅಂತ."

ಅಪ್ಪ ತಮ್ಮ ತಾಲ್ಲೂಕು ಕಚೇರಿ ಹಿಂದಿಯಲ್ಲಿ ನೇಪಾಳದವನಿಗೆ ಏನೇನೋ ಸಮಜಾಯಿಷಿ ಕೊಟ್ಟರು. ಅವನು ಕಟಿಂಗ್ ಪ್ಲೇಯರ್ ತರಲು ಎದ್ದ. "ತಡಿಯಪ್ಪಾ" ಅಂತ ಅಮ್ಮ ಕನ್ನಡದಲ್ಲೇ ಅವನನ್ನು ನಿಲ್ಲಿಸಿ, ತುರುಬಿನಿಂದ ಒಂದು ಹೇರ್‌ಪಿನ್ ಎಳೆದು, ಬೀಗದೊಳಗೆ ಹಾಕಿ, ಎಡಕ್ಕೆ ಒಮ್ಮೆ ಬಲಕ್ಕೆ ಒಮ್ಮೆ ತಿರುವಿದಳು. ಟಕ್. ಬೀಗ ಬಾಯಿ ಬಿಟ್ಟಿತು.

ಸೆಕ್ಯೂರಿಟಿಯವನು ಬೀಗ ನೋಡಿದ, ಪಿನ್ನು ನೋಡಿದ, ಅಮ್ಮನನ್ನು ನೋಡಿದ. "ಯಾವಾಗ್ಲೂ ಹಿಂಗೇ ತೆಗೆಯೋದು" ಅಂದಳು ಅಮ್ಮ. "ಆ ಕೀ ಸರಿಯಾಗಿ ಕೂರಲ್ಲ."

ಕುಕ್ಕರಿನ ಒಳಗೆ ಮಂಕಿ ಕ್ಯಾಪ್ ಬೆಚ್ಚಗೆ ಕೂತಿತ್ತು, ಅದರೊಳಗೆ ನಮ್ಮ ಜಾಲರಿ ಸೌಟು. ಕುಕ್ಕರಿಗೆ ಚೀಟಿ ಅಂಟಿಸಿ, ಇಳಿಯುವ ದಿನ ಕೊಡ್ತೀವಿ ಅಂತ ರಸೀದಿ ಕೊಟ್ಟ. ಹಡಗಿನ ಊಟದ ಹಾಲಿನಲ್ಲಿ ಅನ್ನ ದಿನಾ ಇತ್ತು, ಜೊತೆಗೆ ದಾಲ್ ಕೂಡ. ಮೆಂಡೆನ್‌ಹಾಲ್ ಹಿಮನದಿ ಚೆನ್ನಾಗಿತ್ತು. ತಿಮಿಂಗಿಲದ ಬಾಲ ಕಂಡಿತು. ವಿಕ್ಟೋರಿಯಾದಲ್ಲಿ ಕತ್ತಲಾಗಿತ್ತು, ಐಸ್‌ಕ್ರೀಮ್ ತಿಂದು ಬಂದೆವು. ರೂಮಿನ ಹುಡುಗ ವಾರವಿಡೀ 'ಗುಡ್ ಮಾರ್ನಿಂಗ್ ಮಿಸ್ಟರ್ ಫ್ನೂ' ಅನ್ನುತ್ತಿದ್ದ. ಮೊದಲ ದಿನ ತಿದ್ದಲು ಹೋದ ಅಪ್ಪ ಮೂರನೇ ದಿನಕ್ಕೆ ತಲೆಯಾಡಿಸಿ 'ಗುಡ್ ಮಾರ್ನಿಂಗ್' ಅನ್ನತೊಡಗಿದರು.

ಕೊನೆಯ ರಾತ್ರಿ ಪೆಟ್ಟಿಗೆಯನ್ನು ಬಾಗಿಲ ಹೊರಗಿಡಿ, ನಾವೇ ಇಳಿಸುತ್ತೇವೆ ಅಂತ ಚೀಟಿ ಬಂತು. ಅಮ್ಮ ಆ ಚೀಟಿಯಲ್ಲಿ ಅಡಿಕೆ ಪುಡಿ ಕಟ್ಟಿಟ್ಟಳು. ಬೆಳಗ್ಗೆ ಎರಡು ಪೆಟ್ಟಿಗೆಯನ್ನೂ ನಾವೇ ಎಳೆದುಕೊಂಡು ಇಳಿದೆವು. ಕುಕ್ಕರ್ ಅಪ್ಪನ ಕಂಕುಳಲ್ಲಿ.

ಅದು ಈಗ ಕೇರಿಯ ಅಡುಗೆಮನೆಯಲ್ಲಿದೆ. ಹಡಗಿನವರು ಅಂಟಿಸಿದ ಚೀಟಿಯನ್ನು ಎಷ್ಟು ಉಜ್ಜಿದರೂ ಹೋಗಲಿಲ್ಲ, ಎಫ್‌ಎನ್‌ಯು ಅಂತ ದಪ್ಪಕ್ಷರದಲ್ಲಿ ಹಾಗೇ ಇದೆ. ಇವತ್ತು ಮಧ್ಯಾಹ್ನ ಅಮ್ಮ ಹಿತ್ತಲಿನಲ್ಲಿ ಬಟ್ಟೆ ಹರವುತ್ತಾ ಒಳಗಿದ್ದ ನನ್ನ ಹೆಂಡತಿಗೆ ಕೂಗಿದಳು, "ಫ್ನೂ ಟಕ್ ಅಂತಾ ನೋಡೇ!"

ಹಾಲಿನಲ್ಲಿ ಪೇಪರ್ ಹಿಡಿದಿದ್ದ ಅಪ್ಪ ತಲೆ ಎತ್ತಿದರು. "ಏನೇ, ಕರೆದ್ಯಾ?"