ಸೌಂಡ್ ಕಾರ್ಡ್ ಬೇಕಾ ಬೇಡ್ವಾ

ಲ್ಯಾಪ್‌ಟಾಪ್‌ಗೆ ಬೇರೆ ಸೌಂಡ್ ಕಾರ್ಡ್ (ಅಂಕಿಗಳಾಗಿರೋ ಹಾಡನ್ನ ಸದ್ದು ಮಾಡೋ ಸಾಧನ) ಹಾಕ್ಬೇಕಾ ಬೇಡ್ವಾ ಅನ್ನೋದು ನಮ್ಮನೇಲಿ ಮಗಳ ಕಾಲೇಜ್ ಸೀಟಿಗಿಂತ ಜಾಸ್ತಿ ಚರ್ಚೆ ಆಗಿರೋ ವಿಷಯ. ಹುಳ ಬಿಟ್ಟಿದ್ದು ನನ್ನ ಭಾವಮೈದ. "ಭಾವ, ಲ್ಯಾಪ್‌ಟಾಪ್ ಒಳಗಿರೋ ಚಿಪ್ಪೆಲ್ಲ ದಂಡ, ಒಂದು ಯುಎಸ್‌ಬಿ ಡ್ಯಾಕ್, ಅಂದ್ರೆ ಹೊರಗಿಂದ ಸಿಕ್ಕಿಸೋ ಸೌಂಡ್ ಕಾರ್ಡ್, ತಗೊಳ್ಳಿ, 24 ಬಿಟ್, 192 ಕಿಲೋಹರ್ಟ್ಜ್, ಸ್ವರ್ಗ ಕಾಣ್ಸುತ್ತೆ" ಅಂದ. ಇಷ್ಟು ಹೇಳೋವಾಗ ಅವನ ಕಿವೀಲಿದ್ದಿದ್ದು ಬ್ಲೂಟೂತ್ ಹೆಡ್‌ಫೋನ್! ಅಲ್ಲಪ್ಪ, ಬ್ಲೂಟೂತ್‌ನಲ್ಲಿ ಹಾಡು ಅಂಕಿಗಳಾಗೇ ಗಾಳೀಲಿ ಹೋಗುತ್ತೆ, ಅದನ್ನ ಸದ್ದು ಮಾಡೋ ಚಿಪ್ಪು ಹೆಡ್‌ಫೋನ್ ಒಳಗೇ ಇರುತ್ತೆ, ಲ್ಯಾಪ್‌ಟಾಪ್‌ಗೆ ನೀನು ಬಂಗಾರದ ಕಾರ್ಡ್ ಸಿಕ್ಕಿಸಿದ್ರೂ ಅದಕ್ಕೆ ಸುದ್ದಿನೇ ಮುಟ್ಟಲ್ಲ ಅಂದ್ರೆ ಕೇಳ್ಬೇಕಲ್ಲ.

ಬಿಟ್ ಅಂದ್ರೆ ಸದ್ದನ್ನ ಎಷ್ಟು ಸೂಕ್ಷ್ಮವಾಗಿ ಅಳೆದಿದ್ದು ಅಂತ, ಕಿಲೋಹರ್ಟ್ಜ್ ಅಂದ್ರೆ ಸೆಕೆಂಡಿಗೆ ಎಷ್ಟು ಸಾವಿರ ಸಲ ಅಳೆದಿದ್ದು ಅಂತ. ಸಿಡಿ ಅನ್ನೋದೇ 16 ಬಿಟ್, 44.1 ಕಿಲೋಹರ್ಟ್ಜ್, ಅಷ್ಟನ್ನ ಈಗಿನ ಯಾವ್ ಲ್ಯಾಪ್‌ಟಾಪ್ ಬೇಕಾದ್ರೂ ಆರಾಮಾಗಿ ನುಡಿಸುತ್ತೆ. ಕಿವಿ ಎಳೇ ವಯಸ್ಸಲ್ಲಿ ಕೇಳೋದೇ 20,000 ಹರ್ಟ್ಜ್‌ವರೆಗೆ, ಆಮೇಲೆ ವರ್ಷ ಕಳೆದ ಹಾಗೆ ಮೇಲಿಂದ ಕಳಚ್ತಾ ಬರುತ್ತೆ. ಪರೀಕ್ಷೆ ಮಾಡೇ ಬಿಡೋಣ ಅಂತ ಮಗಳು 15,000 ಹರ್ಟ್ಜ್‌ದು ಒಂದು ಟೋನ್ ಹಾಕಿ ತಕ್ಷಣ ಎರಡೂ ಕಿವಿ ಮುಚ್ಕೊಂಡ್ಲು. ಭಾವಮೈದ ತುಂಬ ಗಂಭೀರವಾಗಿ "ಹ್ಞೂಂ, ಶುರು ಮಾಡಮ್ಮ" ಅಂದ.

ಆದ್ರೂ ಅವನ ಪರವಾಗಿ ಒಂದು ಸಾಕ್ಷಿ ಇತ್ತು. ಚಾರ್ಜರ್ ಹಾಕಿ ಹಾಲ್‌ನಲ್ಲಿರೋ ಆಂಪ್ಲಿಫೈಯರ್‌ಗೆ ವೈರ್ ಕೊಟ್ರೆ ಗುಂಯ್ ಅಂತ ಒಂದು ಸದ್ದು. ಅಪ್ಪ ಭಜನೆ ಮಂಡಳೀಲಿ ಹಾರ್ಮೋನಿಯಂ ಬಾರಿಸ್ತಾರೆ, ಅವ್ರು ತಲೆ ಆಡಿಸಿ "ಬಿಳಿ ಐದಕ್ಕಿಂತ ಕೂದಲೆಳೆ ಮೇಲಿದೆ ಕಣೋ" ಅಂದ್ಬಿಟ್ರು. ಲೆಕ್ಕ ಹಾಕಿ ನೋಡಿದೆ, ಸರಿನೇ. ನಮ್ಮ ಕರೆಂಟು 50 ಹರ್ಟ್ಜ್, ಅದರ ದುಪ್ಪಟ್ಟು 100, ಬಿಳಿ ಐದು, ಅಂದ್ರೆ ಹಾರ್ಮೋನಿಯಂನ ಐದನೇ ಬಿಳಿ ಕೀ, ಅದರ ಸ್ವರ ಕೆಳಗಿನ ಸಪ್ತಕದಲ್ಲಿ 98. ಚಾರ್ಜರ್ ಕಿತ್ರೆ ಸದ್ದು ಮಾಯ, ಅಂದ್ರೆ ತಪ್ಪು ಚಿಪ್ಪಿಂದಲ್ಲ, ಲ್ಯಾಪ್‌ಟಾಪು ಒಂದು ಗೋಡೆ ಪ್ಲಗ್‌ನಲ್ಲಿ, ಆಂಪ್ಲಿಫೈಯರ್ ಇನ್ನೊಂದು ಗೋಡೇಲಿ, ಎರಡರ ಅರ್ಥಿಂಗೂ ಆಡಿಯೋ ವೈರ್ ಮೂಲಕ ಸುತ್ತಾಕೊಂಡು ಕೂತು ಕರೆಂಟಿನ ಗುಂಯ್‌ನ ಹಾಡಿಗೆ ಸೇರಿಸ್ತಿತ್ತು. ಮಜಾ ಏನಂದ್ರೆ ಯುಎಸ್‌ಬಿ ಕಾರ್ಡ್ ತಂದಿದ್ರೂ ಇದು ಹೋಗ್ತಿರ್ಲಿಲ್ಲ, ಯಾಕಂದ್ರೆ ಅದೂ ಕರೆಂಟು, ಅರ್ಥಿಂಗು ಎಲ್ಲಾ ತಗೊಳ್ಳೋದು ಅದೇ ಲ್ಯಾಪ್‌ಟಾಪಿಂದ ತಾನೇ. ಎರಡನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕ್ದೆ, ಗುಂಯ್ ನಿಂತೋಯ್ತು. ಅಪ್ಪನಿಗೊಬ್ರಿಗೆ ಬೇಜಾರು, ಶ್ರುತಿ ಹೋಯ್ತಲ್ಲ ಅಂತ.

48 ವೋಲ್ಟ್ ಬೇಡೋ ಸ್ಟುಡಿಯೋ ಮೈಕ್ ಇಟ್ಕೊಂಡು ಹಾಡು ರೆಕಾರ್ಡ್ ಮಾಡೋರು ಆಡಿಯೋ ಇಂಟರ್‌ಫೇಸ್, ಅಂದ್ರೆ ಅಂಥ ಮೈಕನ್ನ ಕಂಪ್ಯೂಟರ್‌ಗೆ ಸೇರಿಸೋ ಪೆಟ್ಟಿಗೆ, ತಗೊಳ್ಲಿ, ಅದು ನಿಜವಾದ ಅಗತ್ಯ. ಮೀಟಿಂಗಲ್ಲಿ "ಹಲೋ ಕೇಳಿಸ್ತಿದ್ಯಾ" ಅನ್ನೋಕೆ ಯಾಕ್ರೀ?

ಇಷ್ಟೆಲ್ಲ ಭಾಷಣ ಬಿಗಿದ ವಾರದಲ್ಲೇ ನಮ್ಮ ಬೆಕ್ಕು ಇಯರ್‌ಫೋನ್ ವೈರಿಗೆ ಕಾಲು ಸಿಕ್ಕಿಸ್ಕೊಂಡು ಟೇಬಲ್ಲಿಂದ ಹಾರ್ತು, ಪಿನ್ನಿನ ತುದಿ ಮುರಿದು 3.5 ಎಂಎಂ ಜ್ಯಾಕ್ ಒಳಗೇ ಉಳೀತು. ಈಗ ಲ್ಯಾಪ್‌ಟಾಪು ಇಯರ್‌ಫೋನ್ ಹಾಕಿದೆ ಅಂತಲೇ ನಂಬ್ಕೊಂಡು ಸ್ಪೀಕರ್ ಬಾಯಿ ಮುಚ್ಚಿಸಿದೆ. ಕೊನೆಗೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಿಗೆ ಹೋಗಿ ಹೆಬ್ಬೆರಳಷ್ಟು ದಪ್ಪದ ಯುಎಸ್‌ಬಿ ಸೌಂಡ್ ಕಾರ್ಡ್ ತಂದೆ, ಎರಡು ಪ್ಲೇಟ್ ದೋಸೆ ದುಡ್ಡು ಅಷ್ಟೇ, ಕೆಲ್ಸ ಮಾತ್ರ ನೀಟಾಗಿ ಮಾಡ್ತಿದೆ. ಅದರ ಮೈಮೇಲೆ ದಪ್ಪಕ್ಷರದಲ್ಲಿ 7.1 ಚಾನಲ್ ಅಂತ ಬರೆದಿದೆ, ಅಂದ್ರೆ ಎಂಟು ಸ್ಪೀಕರ್‌ಗೆ ಬೇರೆ ಬೇರೆ ಸದ್ದು, ಇರೋದು ಎರಡೇ ತೂತು, ಒಂದು ಹೆಡ್‌ಫೋನಿಗೆ, ಇನ್ನೊಂದು ಮೈಕಿಗೆ. ಮಿಕ್ಕಿದ್ದೆಲ್ಲಿ ಅಂತ ಅಂಗಡಿಯವ್ರನ್ನ ಕೇಳಿದ್ದಕ್ಕೆ, "ಅದು ಸಾಫ್ಟ್‌ವೇರಲ್ಲಿ ಬರುತ್ತೆ ಸಾರ್" ಅಂದ್ರು. ಭಾವಮೈದ ಆವಾಗ್ಲೇ ಕಣ್ಮುಚ್ಕೊಂಡು ಕೇಳಿಸ್ಕೊಂಡು, "ನೋಡಿ ಭಾವ, ಹಿಂದ್ಗಡೆಯಿಂದ ತಬಲಾ ಬರ್ತಿದೆ" ಅಂದ.