ಇದ್ದದ್ದನ್ನು ನೆನೆದರೆ ಮನಸ್ಸು ತುಂಬುತ್ತದೆಯೇ?: ಪರ-ವಿರೋಧ

ಸಿಕ್ಕಿದ್ದಕ್ಕೆ ಕೃತಜ್ಞರಾಗಿದ್ದರೆ ನಿಜಕ್ಕೂ ಸುಖ ಹೆಚ್ಚುತ್ತದೆಯೇ? ಕೊಡಗಿನ ಇಬ್ಬರು ಬರೆದಿದ್ದಾರೆ. ಒಬ್ಬರು ಮಕ್ಕಂದೂರು ಕಡೆಯ ಸಣ್ಣ ಬೆಳೆಗಾರ್ತಿ. ಇನ್ನೊಬ್ಬರು ಸಿದ್ದಾಪುರದ ಹತ್ತಿರ ಲೈನ್ ಮನೆಯಲ್ಲಿ, ಅಂದರೆ ತೋಟದ ಕೆಲಸಗಾರರ ಸಾಲುಮನೆಯಲ್ಲಿ ಬೆಳೆದ ನರ್ಸ್.

ಪರ: ಮಳೆ ಡೈರಿಯ ಪಕ್ಕದಲ್ಲಿ ಒಂದು ಸಾಲು

ನಮ್ಮ ಮಾವ ದಿನಾ ಬೆಳಿಗ್ಗೆ ಮಳೆ ಅಳೆದು ಡೈರಿಯಲ್ಲಿ ಬರೆಯುತ್ತಿದ್ದರು. ಕಾಫಿ ತೋಟ ಇರುವ ಮನೆಗಳಲ್ಲಿ ಇದು ಮಾಮೂಲಿ. ನಮ್ಮಲ್ಲಿ ಮಳೆಯ ಲೆಕ್ಕ ಇಂಚು ಮತ್ತು ಸೆಂಟ್‌ನಲ್ಲಿ; ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. ‘ನಿಮ್ಮ ಕಡೆ ಎಷ್ಟು ಬಂತು?’ ಅಂದರೆ ‘ಒಂದು ಇಂಚು ಇಪ್ಪತ್ತು ಸೆಂಟ್’ ಅಂತ ಉತ್ತರ. ಮಾವ ಆ ಅಂಕಿಯ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತು ಸೇರಿಸುತ್ತಿದ್ದರು. ‘ಹೂಮಳೆ ಸರಿಯಾದ ಹೊತ್ತಿಗೆ ಬಂತು.’ ‘ಹಸು ಕರು ಹಾಕಿತು, ಎರಡೂ ಚೆನ್ನಾಗಿವೆ.’ ‘ಕೆಳಗಿನ ಮನೆಯವರು ಏಣಿ ಕೊಟ್ಟರು.’ ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಇದು ವಿಚಿತ್ರ ಅನಿಸಿತ್ತು. ಏಣಿ ಕೊಟ್ಟಿದ್ದನ್ನೂ ಬರೆದಿಡಬೇಕಾ?

2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿತು. ನಮ್ಮ ಮನೆಯ ಹಿಂದಿನ ಅರ್ಧ ಮಣ್ಣಿನಡಿ ಹೋಯಿತು. ಮೂರು ಎಕರೆ ತೋಟದಲ್ಲಿ ಒಂದೂವರೆ ಉಳಿಯಿತು. ಮಾವ ಅಷ್ಟರಲ್ಲಾಗಲೇ ತೀರಿಕೊಂಡಿದ್ದರು. ಮಡಿಕೇರಿಯ ಒಂದು ಪರಿಹಾರ ಕೇಂದ್ರದಲ್ಲಿ ನಾವು ಹತ್ತೊಂಬತ್ತು ದಿನ ಇದ್ದೆವು. ಅಕ್ಕಿ ಬಂತು, ಕಂಬಳಿ ಬಂತು, ಬಿಸ್ಕತ್ತು ರಾಶಿ ರಾಶಿ ಬಂತು. ಎಲ್ಲವೂ ಬೇಕಿತ್ತು. ನಾಲ್ಕನೇ ದಿನ ಒಬ್ಬ ಹುಡುಗಿ ನನ್ನ ಪಕ್ಕ ಬಂದು ಕೂತಳು. ತನ್ನ ಬ್ಯಾಗಿನಿಂದ ಒಂದು ಬಾಚಣಿಗೆ ತೆಗೆದು ಕೈಗಿಟ್ಟಳು. ಕಂದು ಬಣ್ಣದ್ದು, ಅರ್ಧ ಅಗಲ ಹಲ್ಲು, ಅರ್ಧ ಸಣ್ಣ ಹಲ್ಲು. ‘ಬಾಚ್ಕೊಳ್ಳಿ ಆಂಟಿ’ ಅಂದಳು, ಅಷ್ಟೇ. ನಾಲ್ಕು ದಿನದಿಂದ ನನ್ನ ಕೂದಲು ಸಿಕ್ಕುಗಟ್ಟಿತ್ತು. ಅದನ್ನು ಒಬ್ಬಳು ನೋಡಿದ್ದಳು. ಅಕ್ಕಿ ಕೊಟ್ಟವರು ನಿರಾಶ್ರಿತರಿಗೆ ಕೊಟ್ಟರು. ಬಾಚಣಿಗೆ ಕೊಟ್ಟವಳು ನನಗೆ ಕೊಟ್ಟಳು.

ಆ ರಾತ್ರಿ ಡೈರಿ ತೆಗೆದೆ. ಓಡಿ ಬರುವಾಗ ಪಹಣಿ ಕಾಗದಗಳ ಜೊತೆ ಅದೂ ಚೀಲಕ್ಕೆ ಬಿದ್ದಿತ್ತು. ಮಳೆಯ ಅಂಕಿ ಬರೆಯಲು ಮಾಪಕವೇ ಇರಲಿಲ್ಲ. ಆ ಜಾಗ ಖಾಲಿ ಬಿಟ್ಟು, ಪಕ್ಕದಲ್ಲಿ ‘ಬಾಚಣಿಗೆ’ ಅಂತ ಬರೆದೆ. ನಾಲ್ಕು ದಿನದ ನಂತರ ಅವತ್ತು ನನಗೆ ನಿದ್ದೆ ಬಂತು.

ಇದು ನನ್ನೊಬ್ಬಳ ಭ್ರಮೆ ಅಲ್ಲ ಅಂತ ಆಮೇಲೆ ಓದಿ ತಿಳಿದುಕೊಂಡೆ. ಅಮೆರಿಕದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಾ ಎಂಬ ಮನಶ್ಶಾಸ್ತ್ರಜ್ಞರು 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿ, ವಾರಕ್ಕೊಮ್ಮೆಯಂತೆ 10 ವಾರ ಬರೆಸಿದರು. ಒಂದು ಗುಂಪು ಒಳ್ಳೆಯದನ್ನು ನೆನೆದು ಬರೆಯಿತು, ಇನ್ನೊಂದು ಕಿರಿಕಿರಿಗಳನ್ನು ಬರೆಯಿತು, ಮತ್ತೊಂದು ಸುಮ್ನೆ ನಡೆದದ್ದನ್ನು ಬರೆಯಿತು. ಒಳ್ಳೆಯದನ್ನು ನೆನೆದವರಿಗೆ ತಮ್ಮ ಬದುಕು ಉಳಿದವರಿಗಿಂತ ಚೆನ್ನಾಗಿದೆ ಅನಿಸಿತು. ನನ್ನ ಮನಸ್ಸಿಗೆ ಜಾಸ್ತಿ ತಟ್ಟಿದ್ದು ಅದೇ ಅಧ್ಯಯನದ ಇನ್ನೊಂದು ಭಾಗ. ನರ-ಸ್ನಾಯುಗಳ ಕಾಯಿಲೆ ಇರುವವರಿಂದ 21 ದಿನ ಹೀಗೆ ಬರೆಸಿದಾಗ ಅವರ ಮನಸ್ಸು ಹಗುರಾಯಿತು, ನಿದ್ದೆಯೂ ಸುಧಾರಿಸಿತು. ಕಾಯಿಲೆ ಹಾಗೇ ಇತ್ತು. ನಮ್ಮ ಗುಡ್ಡವೂ ಹಾಗೇ ಇತ್ತು.

ಯಾಕೆ ಹೀಗಾಗುತ್ತದೆ? ನನಗೆ ಅರ್ಥವಾಗಿದ್ದು ಕಾಫಿ ಬೆಲೆ ಏರಿದಾಗ. 2024ರಲ್ಲಿ ರೊಬಸ್ಟಾ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ರೊಬಸ್ಟಾ ಕಾಫಿ, 50 ಕೆ.ಜಿ. ಚೀಲಕ್ಕೆ 10 ಸಾವಿರ ರೂಪಾಯಿಯ ಆಸುಪಾಸಿಗೆ ಹೋಯಿತು. ಜೀವಮಾನದಲ್ಲಿ ನೋಡದ ಬೆಲೆ. ಮೊದಲ ವಾರ ಊರಿಗೆ ಊರೇ ಹಬ್ಬ. ತಿಂಗಳು ಕಳೆಯುವಷ್ಟರಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ‘ನಾನು ಬೇಗ ಮಾರಿಬಿಟ್ಟೆ, ಅವನು ಕಾದು ಮಾರಿದ.’ ಬಂದ ಸುಖಕ್ಕೆ ಮನಸ್ಸು ಎಷ್ಟು ಬೇಗ ಒಗ್ಗಿಬಿಡುತ್ತದೆ ನೋಡಿ. ಒಗ್ಗಿದ ಮೇಲೆ ಅದು ಕಣ್ಣಿಗೇ ಬೀಳುವುದಿಲ್ಲ. ನೆನೆಯುವುದು ಅಂದರೆ ಕಣ್ಣಿಗೆ ಬೀಳದಂತಾದ್ದನ್ನು ಮತ್ತೆ ಕಣ್ಣೆದುರು ತಂದಿಡುವುದು.

ನಮ್ಮ ಸುಗ್ಗಿ ಹಬ್ಬ ಹುತ್ತರಿಯಲ್ಲಿ ಆಗುವುದೂ ಇದೇ ಅಲ್ವಾ? ವರ್ಷವಿಡೀ ಮೂರು ಹೊತ್ತು ಅನ್ನ ತಿನ್ನುತ್ತೇವೆ. ಆ ಒಂದು ರಾತ್ರಿ ಮಾತ್ರ ದೀಪ ಹಿಡಿದು ಗದ್ದೆಗೆ ಹೋಗಿ, ಕದಿರನ್ನು ಕೈಯಲ್ಲಿ ಹಿಡಿದು ನೋಡುತ್ತೇವೆ. 2018ರ ಹುತ್ತರಿಗೆ ನಮ್ಮ ಗದ್ದೆ ಮಣ್ಣು ತುಂಬಿ ಬಯಲಾಗಿತ್ತು. ನೆಂಟರ ಗದ್ದೆಗೆ ಹೋಗಿ ‘ಪೊಲಿ ಪೊಲಿ ದೇವಾ’ ಕೂಗಿದೆವು. ಹೆಚ್ಚಲಿ, ತುಂಬಲಿ ಅಂತ ಅದರ ಅರ್ಥ. ಕೇಳುವ ಮೊದಲು ಕೈಯಲ್ಲಿ ಒಂದು ಹಿಡಿ ಇರಬೇಕು ಅನ್ನುವುದು ಅವತ್ತು ನನಗೆ ಹೊಳೆಯಿತು.

ದಿನಾ ಬರೆಯಲು ಹೋಗಿ ನಾನು ಸೋತೆ. ಬರೆದಿದ್ದೇ ಬರೆದು ಸಪ್ಪೆಯಾಯಿತು. ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್ಸ್ಕಿ ಅವರ ಪ್ರಯೋಗದಲ್ಲೂ ವಾರಕ್ಕೆ ಮೂರು ಸಲ ಬರೆದವರಿಗಿಂತ ಒಂದೇ ಸಲ ಬರೆದವರಿಗೆ ಹೆಚ್ಚು ಫಲ ಸಿಕ್ಕಿತ್ತಂತೆ. ಈಗ ಭಾನುವಾರ ಮಾತ್ರ ಬರೆಯುತ್ತೇನೆ.

ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್ಮನ್ ಮತ್ತು ಸಂಗಡಿಗರು 2005ರಲ್ಲಿ ಇನ್ನೊಂದು ಪ್ರಯೋಗ ಮಾಡಿದರು. ಯಾರಿಗೆ ಸರಿಯಾಗಿ ಕೃತಜ್ಞತೆ ಹೇಳಿಲ್ಲವೋ ಅವರಿಗೆ ಕಾಗದ ಬರೆದು, ಕೈಯಾರೆ ಕೊಟ್ಟು ಬರಬೇಕು. ಹಾಗೆ ಮಾಡಿದವರ ಖುಷಿ ಒಂದು ತಿಂಗಳವರೆಗೂ ಉಳಿದಿತ್ತು. ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಡೈರಿಯನ್ನೇ ತೆಗೆದುಕೊಂಡು ಹೋದೆ. ನಮಗೆ ಏಣಿ ಕೊಟ್ಟಿದ್ದ ಕೆಳಗಿನ ಮನೆಯ ಅಜ್ಜ ಮಣ್ಣು ಜಾರಿದ ಮೇಲೆ ಕುಶಾಲನಗರದಲ್ಲಿ ಮಗನ ಜೊತೆ ಇದ್ದರು. ಆ ಪುಟ ತೆರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ‘ಇದನ್ನೂ ಬರೆದಿಟ್ಟಿದ್ದನಾ?’ ಅಂದರು. ಹೊರಡುವಾಗ ಆ ಪುಟದ ಒಂದು ಜೆರಾಕ್ಸ್ ಬೇಕು ಅಂತ ಕೇಳಿದರು. ರಸ್ತೆ ಆಚೆಯ ಅಂಗಡಿಗೆ ನಾನೇ ಹೋಗಿ ಮಾಡಿಸಿ ಕೊಟ್ಟು ಬಂದೆ.

ವಿರೋಧ: ಕೈ ಮುಗಿಸಿಕೊಳ್ಳುವ ಉಪಕಾರ

ಅಕ್ಕ, ನಿಮ್ಮ ಬಾಚಣಿಗೆಯ ಮಾತು ಓದಿ ನನಗೂ ಕಣ್ಣು ತುಂಬಿತು. ಅದಕ್ಕೆ ನನ್ನ ವಿರೋಧವಿಲ್ಲ. ಆ ಹುಡುಗಿ ಕೊಟ್ಟಳು, ಎದ್ದು ಹೋದಳು. ನಾನು ಬೆಳೆಯುವಾಗ ನೋಡಿದ ಉಪಕಾರಗಳು ಹಾಗೆ ಎದ್ದು ಹೋಗುವಂಥವಲ್ಲ.

ಅಪ್ಪ-ಅವ್ವ ಪಿರಿಯಾಪಟ್ಟಣದ ಕಡೆಯಿಂದ ತೋಟದ ಕೆಲಸಕ್ಕೆ ಬಂದವರು. ನಾನು ಐದನೇ ಕ್ಲಾಸಿನಲ್ಲಿದ್ದಾಗ ಸಾಹುಕಾರರ ಮಗಳ ಹಳೇ ಶೂ ನನಗೆ ಬಂತು. ಎರಡು ಸೈಜು ದೊಡ್ಡದು. ಅವ್ವ ಮುಂದುಗಡೆ ಚಿಂದಿ ಬಟ್ಟೆ ತುರುಕಿ ಹಾಕಿಸಿದಳು. ಹೊಳೆಯುವ ಕಪ್ಪು ಶೂ, ನನಗೂ ಖುಷಿಯಾಯಿತು. ಆಮೇಲೆ ಶುರುವಾಯಿತು. ದಾರಿಯಲ್ಲಿ ಅವರ ಜೀಪು ಕಂಡರೆ ಸಾಕು, ಅವ್ವ ನನ್ನ ಬೆನ್ನು ಮುಟ್ಟಿ ‘ಕೈ ಮುಗಿ’ ಅನ್ನುತ್ತಿದ್ದಳು. ಶೂ ಹರಿದು ಬಿಸಾಕಿದ ಮೇಲೂ ಕೈ ಮುಗಿಯುವುದು ನಿಲ್ಲಲಿಲ್ಲ. ನಾನು ಹೈಸ್ಕೂಲಿಗೆ ಹೋಗುವಾಗಲೂ ಆ ಮನೆಯವರು ಬಂದವರಿಗೆಲ್ಲ ‘ಇವಳಿಗೆ ನಮ್ಮ ಮಗಳದ್ದೇ ಶೂ’ ಅಂತ ಪರಿಚಯ ಮಾಡಿಸುತ್ತಿದ್ದರು.

ಕನ್ನಡದಲ್ಲಿ ಇದಕ್ಕೆ ಒಂದು ಪದ ಇದೆ: ಹಂಗು. ಕೊಟ್ಟವರ ಕಡೆಯಿಂದ ನೋಡಿದರೆ ಉಪಕಾರ, ತೆಗೆದುಕೊಂಡವರ ಬೆನ್ನ ಮೇಲೆ ಅದೇ ಹಂಗು. ಕೃತಜ್ಞತೆಯಿಂದ ಸುಖ ಅನ್ನುವವರು ಈ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತಾರೆ. ಬೇಡ ಅನ್ನುವ ಸ್ವಾತಂತ್ರ್ಯ ಇದ್ದವರಿಗೆ ಮಾತ್ರ ನೆನೆಯುವುದು ಸಿಹಿ. ಅವ್ವನಿಗೆ ಆ ಸ್ವಾತಂತ್ರ್ಯ ಇರಲಿಲ್ಲ.

ಒಂದು ವರ್ಷ ಕಾಫಿ ಕೊಯ್ಲಿನ ಹೊತ್ತಿಗೆ ಲೈನಿನ ಹೆಂಗಸರೆಲ್ಲ ಸೇರಿ ಕೂಲಿ ಹೆಚ್ಚಿಸಿ ಅಂತ ಕೇಳಲು ಹೊರಟರು. ವಾರದ ಬಟವಾಡೆಯ ದಿನ ತೋಟದ ಲೆಕ್ಕ ಬರೆಯುವ ರೈಟರ ಮುಂದೆ ಒಟ್ಟಾಗಿ ಹೇಳೋಣ ಅಂತ ಮಾತಾಯಿತು. ಅವ್ವ ಹೋಗಲಿಲ್ಲ. ‘ಇರೋಕೆ ಮನೆ ಕೊಟ್ಟಿದ್ದಾರೆ. ನಿಂಗೆ ಜ್ವರ ಬಂದಾಗ ಜೀಪಿನಲ್ಲಿ ಆಸ್ಪತ್ರೆಗೆ ಕಳಿಸಿದ್ದಾರೆ. ಉಂಡ ಮನೆಗೆ ಎರಡು ಬಗೆಯೋದಾ?’ ಅಂದಳು. ಅವಳ ದನಿಯಲ್ಲಿ ಸುಖ ಇರಲಿಲ್ಲ ಅಕ್ಕ. ಹೆದರಿಕೆ ಇತ್ತು, ನಾಚಿಕೆ ಇತ್ತು. ಅದರ ಮೇಲೆ ಕೃತಜ್ಞತೆಯ ಹೊದಿಕೆ.

ನರ್ಸಿಂಗ್ ಓದುವಾಗ ಗೆಳತಿಯೊಬ್ಬಳ ಅಣ್ಣನಿಂದ ನನಗೆ ಒಂದು ವಿಷಯ ಗೊತ್ತಾಯಿತು. ತೋಟದಲ್ಲೇ ವಾಸ ಮಾಡುವ ಕೆಲಸಗಾರರಿಗೆ ಮನೆ, ಕುಡಿಯುವ ನೀರು, ಔಷಧೋಪಚಾರ ಕೊಡುವುದು ಮಾಲೀಕರ ಹೊಣೆ ಅಂತ 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಅವ್ವ ಇಷ್ಟು ವರ್ಷ ಕೈ ಮುಗಿದದ್ದು ಅವಳಿಗೆ ಸಲ್ಲಬೇಕಾದ್ದಕ್ಕೆ! ಆ ರಾತ್ರಿ ಹಾಸ್ಟೆಲಿನಲ್ಲಿ ನಾನು ಊಟ ಮಾಡಲಿಲ್ಲ.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಜೀತ ಪದ್ಧತಿ ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಕೊಡಗಿನ ಎರವ ಆದಿವಾಸಿಗಳು ತಲೆಮಾರುಗಟ್ಟಲೆ ಆ ಜೀತವನ್ನು ಉಂಡವರು. ಜೀತದಲ್ಲಿ ಕಟ್ಟಿಹಾಕುವುದು ಸಾಲ. ಸಾಲ ಹೋದ ಮೇಲೂ ‘ಅವರು ನಮಗೆ ಎಷ್ಟು ಮಾಡಿದ್ದಾರೆ’ ಅನ್ನುವ ಮಾತು ಕಟ್ಟಿಹಾಕುತ್ತದೆ. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ, ಲೈನ್ ಮನೆ ಬಿಟ್ಟು ಬಂದಿದ್ದ ಆದಿವಾಸಿಗಳ ಗುಡಿಸಲುಗಳನ್ನು ಕಿತ್ತು ಹಾಕಿದರು. ಗುಡಿಸಲು ಕಳೆದುಕೊಂಡವರು ಅಲ್ಲೇ ಕೂತು ಹೋರಾಡಿದರು. ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆಗಳಾದದ್ದು ಆ ಹೋರಾಟದಿಂದ. ಲೈನ್ ಮನೆಯಲ್ಲಾದರೂ ಇದ್ದೆವಲ್ಲ, ಅಷ್ಟೇ ಭಾಗ್ಯ ಅಂತ ನೆನೆದು ಸುಮ್ಮನಿದ್ದಿದ್ದರೆ?

ಇನ್ನು ಮನಸ್ಸಿನ ಆರೋಗ್ಯದ ಮಾತು. ಇದು ನನ್ನ ಕೆಲಸಕ್ಕೆ ಸೇರಿದ್ದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೆರಿಗೆಯಾಗಿ ಮೂರು ವಾರ ಆಗಿದ್ದ ಒಬ್ಬ ಹುಡುಗಿಯನ್ನು ನೋಡಲು ಅವಳ ಮನೆಗೆ ಹೋಗಿದ್ದೆ. ಮಗು ಅಳುತ್ತಿತ್ತು. ಅವಳು ಗೋಡೆ ಕಡೆ ತಿರುಗಿ ಮಲಗಿದ್ದಳು. ಮನೆಯವರೆಲ್ಲ ಒಂದೇ ಸಮ ಹೇಳುತ್ತಿದ್ದರು: ‘ಮಗು ಗುಂಡು ಗುಂಡಾಗಿದೆ, ಗಂಡ ಒಳ್ಳೆಯವನು, ಇನ್ನೇನು ಬೇಕು ನಿನಗೆ? ದೇವರಿಗೆ ಕೈ ಮುಗಿ.’ ನಾನು ಅವಳ ಪಕ್ಕ ಕೂತಾಗ ಮೆಲ್ಲಗೆ ಕೇಳಿದಳು: ‘ಸಿಸ್ಟರ್, ಎಲ್ಲ ಇದ್ದೂ ನಂಗೆ ಖುಷಿ ಆಗ್ತಿಲ್ಲ. ನಾನು ಕೆಟ್ಟವಳಾ?’ ಅವಳಿಗೆ ಬಾಣಂತಿಯರನ್ನು ಕಾಡುವ ಖಿನ್ನತೆ ಇತ್ತು. ಅದರ ಮೇಲೆ ಇವರು ಅಪರಾಧಿ ಭಾವವನ್ನೂ ಹೊರಿಸಿದ್ದರು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಾತ್ರೆ, ಆಪ್ತ ಸಮಾಲೋಚನೆ, ರಾತ್ರಿ ಮಗುವನ್ನು ಎತ್ತಿಕೊಳ್ಳಲು ಅವಳ ಅಮ್ಮ. ಇಷ್ಟರಿಂದ ಮೆಲ್ಲಮೆಲ್ಲಗೆ ಚೇತರಿಸಿಕೊಂಡಳು.

ನೀವು ಅಧ್ಯಯನಗಳ ಮಾತು ಎತ್ತಿದ್ದೀರಿ, ನಾನೂ ಹೇಳುತ್ತೇನೆ. ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಇಂಥ 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿ 2020ರಲ್ಲಿ ಫಲಿತಾಂಶ ಹೇಳಿದರು. ಖಿನ್ನತೆ, ಆತಂಕದ ಮೇಲೆ ಕೃತಜ್ಞತೆಯ ಅಭ್ಯಾಸಗಳ ಪರಿಣಾಮ ತೀರಾ ಸಣ್ಣದು. ಆ ತೊಂದರೆ ಇರುವವರು ಬೇರೆ ಚಿಕಿತ್ಸೆ ಪಡೆಯುವುದೇ ಸರಿ ಅಂದರು. ನೀವು ಹೇಳಿದ ಸೆಲಿಗ್ಮನ್ ಅವರ ಕಾಗದದ ಪ್ರಯೋಗದಲ್ಲೂ ಒಂದು ತಿಂಗಳ ನಂತರದ ಕಥೆ ಇದೆ. ಮೂರು ತಿಂಗಳಾಗುವಷ್ಟರಲ್ಲಿ ಆ ಖುಷಿ ಇಳಿದುಹೋಗಿತ್ತು.

ನಿಮ್ಮ ಡೈರಿ ನಿಮಗೆ ನಿದ್ದೆ ಕೊಟ್ಟಿತು, ಅದನ್ನು ನಾನು ನಂಬುತ್ತೇನೆ. ಆದರೆ ಅದನ್ನು ಬರೆ ಅಂತ ನಿಮಗೆ ಯಾರೂ ಹೇಳಿರಲಿಲ್ಲ. ಬೇರೆಯವರು ಬಂದು ‘ಸಿಕ್ಕಿದ್ದಕ್ಕೆ ಸಂತೋಷಪಡು’ ಅಂದಾಗ ನಾನು ಮೊದಲು ನೋಡುವುದು ಹೇಳಿದವರು ಯಾರು, ಅವರು ಏನು ಕೊಡಬೇಕಿತ್ತು ಅಂತ.

ಅವ್ವ 31 ವರ್ಷ ದುಡಿದು ಕೆಲಸ ಬಿಟ್ಟಳು. ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡುಗಂಟು ಗ್ರಾಚ್ಯುಟಿ. ಅದರ 1972ರ ಕಾಯ್ದೆ ತೋಟಗಳಿಗೂ ಅನ್ವಯಿಸುತ್ತಿತ್ತು. ವರ್ಷಕ್ಕೆ 15 ದಿನದ ಕೂಲಿಯಂತೆ ಲೆಕ್ಕ. ಅರ್ಜಿ ನಾನೇ ಬರೆದೆ. ಹೆಬ್ಬೆಟ್ಟು ಒತ್ತುವಾಗ ಅವ್ವನ ಕೈ ನಡುಗುತ್ತಿತ್ತು. ‘ಅವರು ಬೇಜಾರು ಮಾಡಿಕೊಂಡರೆ?’ ಅಂತ ಮೂರು ಸಲ ಕೇಳಿದಳು. ತಿಂಗಳುಗಟ್ಟಲೆ ಓಡಾಡಿದ ಮೇಲೆ ದುಡ್ಡು ಬ್ಯಾಂಕಿಗೆ ಬಂತು. ಪಾಸ್‌ಬುಕ್ ತೋರಿಸಿದಾಗ ಅವ್ವನ ಮೊದಲ ಮಾತು, ‘ದೊಡ್ಡ ಮನಸ್ಸು ಅವರದ್ದು. ಒಂದು ಗೊನೆ ಬಾಳೆಹಣ್ಣು ತಗೊಂಡು ಹೋಗಿ ಕೈ ಮುಗಿದು ಬರೋಣ.’

‘ಅವ್ವಾ, ಇದು ಅವರು ಕೊಟ್ಟಿದ್ದಲ್ಲ. ನೀನು ದುಡಿದಿದ್ದು. ನಿಂದೇ.’

‘ನಂದೇನಾ?’

‘ನಿಂದೇ.’

ಅವ್ವ ಪಾಸ್‌ಬುಕ್ ತೆಗೆದುಕೊಂಡು, ಓದಲು ಬಾರದಿದ್ದರೂ ಆ ಅಂಕಿಯ ಮೇಲೆ ಬೆರಳು ಇಟ್ಟು ತುಂಬ ಹೊತ್ತು ಕೂತಳು. ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಬಾಳೆಗೊನೆ ತಂದೆವು. ಮನೆಯಲ್ಲೇ ಕೂತು, ಅಕ್ಕಪಕ್ಕದ ಮಕ್ಕಳನ್ನೂ ಕರೆದು ತಿಂದೆವು.